ತೊಂಬತ್ತೆರಡು

ಶಿವಮಲ್ಲುವಿನ ಲಗ್ನಪತ್ರಿಕೆ. ಇನ್ನೇನು
ಚಿ. ಸೌ. ಎಂಬಲ್ಲಿಗೆ ಬಂದೆ,
ಮತ್ತೆ ಆರಿಹೋಯ್ತು ಕಂಪ್ಯೂಟರು.

ಪಕ್ಕದ ತಗಡು ಬಿಚ್ಚಿದರೆ ಫ್ಯಾನಿನ ರೆಕ್ಕೆಗೆ
ಸಕ್ಕರೆ ಕಾರ್ಖಾನೆಯ ಕರಿಬೂದಿ,
ಮಂಡ್ಯದ ಈ ಗುತ್ತಲಿನಲ್ಲಿ
ಒಣಹಾಕಿದ ಸೀರೆಗೆ ಬೀಳುವುದೇ.
ಹಳೇ ಪೌಡರ್ ಬ್ರಷ್ಷಿನಲ್ಲಿ ಗುಡಿಸಿದೆ.
ತೊಂಬತ್ತೆರಡು ಡಿಗ್ರಿ.

ಒಣಗಿದ ಪೇಸ್ಟು ಕೆರೆದೆ,
ವಿಭೂತಿಯ ಹಾಗೆ ಉದುರಿತು.
ಹೊಸದು ಇಟ್ಟೆ, ಕಡಲೆಕಾಳಷ್ಟು.
ತೊಂಬತ್ತೆರಡೇ.

ಆಲೆಮನೆಯಲ್ಲಿ ಪಾಕದ ಹದ
ಬೆರಳಲ್ಲೇ ಹೇಳುತ್ತಿದ್ದ ಕೆಂಚಯ್ಯ ಚಿಕ್ಕಪ್ಪ
ಕಾಫಿಗೆ ಬಂದವನು
ಫ್ಯಾನಿನಡಿಯ ಅಲ್ಯೂಮಿನಿಯಂ ಮುಟ್ಟಿದ:
"ತಣ್ಣಗದೆ ಕನವ್ವ.
ಒಲೆ ಮ್ಯಾಲೆ ಕೊಪ್ಪರಿಗೆ ಕುಂತೇ ಇಲ್ಲ."

ನಾಲ್ಕು ಕಾಲಲ್ಲಿ ಒಂದು ಊರಿರಲಿಲ್ಲ.
ಒತ್ತಿದೆ. ಟಕ್.

ನಲವತ್ತನಾಲ್ಕು.
ಚಿ. ಸೌ. ತೇಜಾವತಿ, ಎಂದು ಟೈಪಿಸುವಾಗ
ಚಿಕ್ಕಪ್ಪ, ಅಭ್ಯಾಸ ನೋಡಿ,
ಬೆರಳು ಚೀಪುತ್ತಿದ್ದ.