ಅರ್ಧ ಬ್ಲೇಡು

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ.
ಶಿಡ್ಲಘಟ್ಟದಲ್ಲಿ ಆ ಗಾದೆ ನಡೆಯುವುದಿಲ್ಲ,
ಇಲ್ಲಿ ಗೂಡೇ ಹಳದಿ.
ಬೆಳಗಾದರೆ ಮಾರುಕಟ್ಟೆಯ ಜಾಲರಿಗಳ ತುಂಬ
ಸಾವಿರ ಸಾವಿರ ಹಳದಿ.
ಕಾಮಾಲೆಯವನೂ ಕಣ್ಣು ನೆಟ್ಟಗಿದ್ದವನೂ
ಒಂದೇ ಬಣ್ಣ ಹೇಳುತ್ತಾರೆ.

ಪಿಳ್ಳಪ್ಪನವರ ಕೀರ್ತಿ ಬೆಳೆದದ್ದು ಹೀಗೆ.

ಗೇಟಿನೆದುರು ಟೀ ಅಂಗಡಿ, ಅಂಗಡಿಗೊಂದು ಬೆಂಚು,
ಬೆಂಚಿನ ಬಲತುದಿ ಅವರದು.
ಲಾಟು ಇಳಿಯುವ ಮೊದಲೇ ಹೇಳಿಬಿಡುತ್ತಿದ್ದರು:
ಇವನು ನೀರು ಚಿಮುಕಿಸಿದಾನೆ,
ಅವನು ತಳಕ್ಕೆ ಜೋಡಿಗೂಡು ತುರುಕಿದಾನೆ.
ಹೊಸ ಸಾಹೇಬರಾ? ಆರು ತಿಂಗಳು ತಡೀರಿ.
ಸೊಸೈಟಿಯಾ? ಖಜಾಂಚಿ ಹೊಸ ಬೈಕು ತಗೊಂಡವ್ನಲ್ಲ.
ಹತ್ತಕ್ಕೆ ಎಂಟು ಸಲ ನಿಜವಾಗುತ್ತಿತ್ತು.

ನಾನು ತೂಕದ ಗುಮಾಸ್ತ, ಆಗ ಇಪ್ಪತ್ತಾರರ ವಯಸ್ಸು,
ಅವರ ಪಕ್ಕ ಕೂತು ಮೂಗಲ್ಲಿ ನಗುವುದನ್ನು ಕಲಿತೆ.
ಆ ನಗುವಿಗೆ ಖರ್ಚಿಲ್ಲ.
ನಂಬಿದವನು ನಾಳೆ ಪೆದ್ದನಾಗಬಹುದು,
ನಂಬದವನು ಇವತ್ತೇ ಜಾಣ.
ಮನೆಯಲ್ಲೂ ನಕ್ಕೆ,
ತಂಗಿ ಟೈಲರಿಂಗ್ ಕಲಿಯುತ್ತೇನೆ ಎಂದಾಗ,
ಚಿಕ್ಕಪ್ಪ ಕುಡಿಯೋದು ಬಿಟ್ಟೆ ಎಂದಾಗ.
ಚಿಕ್ಕಪ್ಪ ಬಿಟ್ಟಿರಲಿಲ್ಲ. ತಂಗಿ ಮಾತ್ರ
ನನಗೆ ಏನನ್ನೂ ಹೇಳುವುದನ್ನು ಬಿಟ್ಟಳು.

ಆಮೇಲೆ ಒಂದು ಗುರುವಾರ ವೆಂಕಟಲಚ್ಚಮ್ಮ ಬಂದಳು,
ದಿಬ್ಬೂರಹಳ್ಳಿ ಕಡೆಯವಳು,
ಮೊದಲ ಸಲದ ಬೆಳೆ, ಮೂವತ್ತೆಂಟು ಕೇಜಿ,
ಬಿಳಿ.
ಹಾಲಿನ ಬಿಳಿ ಅನ್ನಲಾರೆ,
ಒಗೆದು ಬಂಡೆಯ ಮೇಲೆ ಒಣಹಾಕಿದ ಪಂಚೆಯ ಬಿಳಿ.
"ಇಷ್ಟು ಚೆನ್ನಾಗೈತೆ ಅಂದ್ರೆ
ಒಳಗೇನೋ ಐತೆ" ಎಂದರು ಪಿಳ್ಳಪ್ಪ.
ಬೆಂಚು ತಲೆಯಾಡಿಸಿತು. ರೀಲರುಗಳೂ ಆಡಿಸಿದರು.
ಹರಾಜು ಹಳದಿಯ ರೇಟಿಗಿಂತ ಕೆಳಗೇ
ಕುಂಟಿ ನಿಂತಿತು.

ಬಾಬಾಜಾನ್ ಬಂದ, ಅಂಗಿತೋಳು ಮಡಿಚಿದ,
ಮೊಣಕೈವರೆಗೆ ಲಾಟಿನೊಳಗೆ ಇಳಿಸಿ
ತಳದಿಂದ ಒಂದು ಹಿಡಿ ತೆಗೆದ.
ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದ. ಕಟಕಟ.
ಇನ್ನೊಂದು.
ಜೇಬಿಂದ ಬೀಡಿ ಕಟ್ಟಿನ ಕಾಗದ,
ಕಾಗದದೊಳಗಿಂದ ಅರ್ಧ ಬ್ಲೇಡು,
ಗೂಡಿನ ತುದಿ ಕುಯ್ದ,
ಹುಳವನ್ನು ಅಂಗೈ ಮೇಲೆ ಉರುಳಿಸಿದ, ಮೂಸಿದ.
ಐದು ಕುಯ್ದ. ಏಳು. ಹೊತ್ತು ಹೋಗುತ್ತಿತ್ತು.
ಆಮೇಲೆ ಎಲ್ಲರಿಗಿಂತ ನಲವತ್ತು ರೂಪಾಯಿ ಮೇಲೆ ಹಿಡಿದ.

ತೂಕದ ಹತ್ತಿರ ಕೇಳಿದೆ,
ಒಳ್ಳೇದು ಅಂತ ಹೆಂಗೆ ಗೊತ್ತಾಯ್ತು, ಭಾಯಿ?
"ಗೊತ್ತಾಗ್ಲಿಲ್ಲ ಸಾ. ಅದಕ್ಕೇ ಕುಯ್ದೆ."

ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಆ ಮಾತು.
ನನಗೆ ಎಲ್ಲ ಗೊತ್ತಿತ್ತು,
ಆದ್ದರಿಂದ ಒಂದನ್ನೂ ಕುಯ್ದು ನೋಡಿರಲಿಲ್ಲ.
ಪಿಳ್ಳಪ್ಪನವರದು ಅನುಮಾನ ಅಂದುಕೊಂಡಿದ್ದೆ.
ಅವರಿಗೆ ಅನುಮಾನವೇ ಇರಲಿಲ್ಲ.

ಇದನ್ನು ಇಲ್ಲಿಗೇ ಮುಗಿಸಿ ಕಥೆ ಮಾಡಲಾರೆ.
ಮುಂದಿನ ತಿಂಗಳೇ ಬೇರೆ ಯಾರದೋ ಬಿಳಿ ಲಾಟಿನಲ್ಲಿ
ಬಾಬಾಜಾನ್ ಒಂಬತ್ತು ಸಾವಿರ ಕಳಕೊಂಡ.
ಏಳು ಕುಯ್ದಿದ್ದ, ಕೆಟ್ಟದ್ದು ಎಂಟನೆಯದಿರಬೇಕು.
ಪಿಳ್ಳಪ್ಪ ಬೆಂಚಿಗೆಲ್ಲ ಟೀ ಹೇಳಿದರು,
ಅವರ ಮುಖದಲ್ಲಿ ಅಷ್ಟು ಬೆಳಕು
ನಾನು ಕಂಡದ್ದು ಅದೊಂದೇ ಸಲ.
ಮಾರನೆಯ ದಿನ ಬಾಬಾಜಾನ್ ಹತ್ತು ಕುಯ್ದ.

ಈಗಲೂ ಬೆಂಚಿಗೆ ಹೋಗುತ್ತೇನೆ, ಸುಳ್ಳೇಕೆ,
ಅವರ ಮಾತು ರುಚಿ.
ಎಂದೋ ಏನನ್ನೋ ನಂಬಿ ಕೈ ಸುಟ್ಟುಕೊಂಡಿರಬೇಕು,
ಕೇಳಿಲ್ಲ.
ಆ ಕೈಯನ್ನು ನೋಡುತ್ತೇನೆ,
ಮೆತ್ತಗೆ, ಒಣಗಿ,
ಒಂದೆಳೆ ರೇಷ್ಮೆಯೂ ಅಂಟಿಲ್ಲ.

ನಿನ್ನೆ ಒಂದು ಬ್ಲೇಡು ತಗೊಂಡೆ,
ಉದ್ದಕ್ಕೆ ಬಗ್ಗಿಸಿ ಮುರಿಯುವಾಗ ಬೆರಳು ಕುಯ್ದುಕೊಂಡೆ,
ಅರ್ಧವನ್ನು ಕಾಗದ ಸುತ್ತಿ ಜೇಬಿಗಿಟ್ಟೆ.
ಇನ್ನರ್ಧ ಮೇಜಿನ ಮೇಲಿದೆ,
ಹೊಲಿಗೆ ಬಿಚ್ಚಲು ಟೈಲರುಗಳಿಗೆ ಬೇಕಾಗುತ್ತದಂತೆ.
ಸಂಜೆ ತಂಗಿಗೆ ಫೋನು ಮಾಡಬೇಕು.
ಏನನ್ನುತ್ತಾಳೋ,
ಗೊತ್ತಿಲ್ಲ.