ಬದಲಾವಣೆ ಚೀಟಿ, ನಂಬರ್ ಹದಿನೇಳು

ಕಲಬುರಗಿಯ ಸೇಡಂ ರೋಡಿಗಿ ಮೂರಂತಸ್ತಿನ ಅರಿವಿ ಅಂಗಡಿ.
ನಕಾಶಿಯೊಳಗ ಜೀನಾ ಪಡುವಣಕ್ಕ.
ಪಾಯ ಮುಗಿದ ಮರುದಿನ ಸಾವಕಾರ ಅಣವೀರಪ್ಪನವರು ಬಂದು
ಛತ್ರಿ ತುದೀಲೆ ಮಣ್ಣಾಗ ಗೀರು ಎಳದು ಅಂದ್ರು:
"ಬಾಯಿಯವ್ರೇ, ಜೀನಾ ಇಲ್ಲಿ ಬರಲಿ, ಮೂಡಣಕ್ಕ.
ಸಣ್ಣ ಮಾತು."

ಸಣ್ಣ ಮಾತಿಗಂತ ಸಣ್ಣ ಪುಸ್ತಕ ಇಟ್ಟೀನಿ ನಾನು.
ಕಾರ್ಬನ್ ಹಾಕಿ ಮೂರು ಹಾಳಿ:
ಬಿಳಿದು ಮಾಲಕರಿಗಿ, ಗುಲಾಬಿ ಗುತ್ತೇದಾರಗ,
ಹಳದಿ ನನ್ನ ಕಬ್ಬಿಣ ಪೆಟಗಿಗಿ.
ಏನು ಬದಲಿ, ಯಾಕ ಬದಲಿ, ಎಷ್ಟು ರೊಕ್ಕ, ಎಷ್ಟು ದಿನ,
ಕೆಳಗ ಸಹಿ. ಸಹಿ ಆಗೋತನಕ
ಸಲಿಕಿ ಎತ್ತಬ್ಯಾಡ್ರಿ ಅಂತ ಹೇಳೀನಿ ಮಂದಿಗಿ.

ಮೊದಲು ಹಿಂಗಿರಲಿಲ್ಲ.
ಜೇವರ್ಗಿ ರೋಡಿನ ದವಾಖಾನಿ ಕಟ್ಟುವಾಗ
"ಆಯ್ತ್ರಿ" ಅನ್ನೋ ಒಂದು ಮಾತಿನ ಮ್ಯಾಲ
ನಾಕು ಬಾಥ್‌ರೂಮು ಏಳು ಮಾಡಿದ್ದೆವು.
ಬಿಲ್ಲಿನ ದಿನ ಡಾಕ್ಟರು ಚಷ್ಮಾ ಒರೆಸಿಕೊಂತ
"ಏಳು ನಾ ಯಾವಾಗ ಕೇಳಿದ್ದೆ?" ಅಂದ್ರು.
ಖರೇ ಹೇಳಬೇಕಂದ್ರ ಅವರು ಮರೆತೇಬಿಟ್ಟಿದ್ದರು.
ಮರವು ಸುಳ್ಳಿಗಿಂತ ತುಟ್ಟಿ.
ಆ ವರ್ಷ ನಮ್ಮ ಗುತ್ತೇದಾರ ಮಿಕ್ಸರ್ ಮಾರಿದ.

ಹಂಗಾಗಿ ನಂಬರ್ ಒಂದು: ಜೀನಾ ಮೂಡಣಕ್ಕ.
ಮೂರು: ಮುಂದಿನ ಗ್ವಾಡಿ ತೆಗೆದು ಗಾಜು.
ಆರು: ಬಿಸಲಿಗಿ ಅರಿವಿ ಬಣ್ಣ ಹೋಗ್ತದ ಅಂತ
ಆ ಗಾಜಿನ ಮುಂದ ತಗಡಿನ ಚಪ್ಪರ.
ಒಂಬತ್ತು: ಲಿಫ್ಟಿಗಿ ಜಾಗ. ಸ್ಲ್ಯಾಬ್ ಹಾಕಿ ಎಂಟೇ ದಿನ ಆಗಿತ್ತು.
ಕೊರಿಯೋ ಮಷಿನ್ನು ಸೊಲ್ಲಾಪುರದಿಂದ ಬರಬೇಕು,
ಅದರ ಬಾಡಿಗಿ ನೋಡಿ ಸಾವಕಾರರು ಪೆನ್ನು ಹಿಡಕೊಂಡು
ಒಂದು ಕಪ್ ಚಾ ಆರೋವರೆಗೂ ಸುಮ್ಮ ಕುಂತರು.
ನಾನೂ ಕುಂತೆ. ಸುಮ್ಮ ಕುಂಡ್ರೂದೂ ನನ್ನ ಕೆಲಸದಾಗ ಅದ.

ಆಮ್ಯಾಲ ಹೈದರಾಬಾದಿನಿಂದ ಅಳಿಯ ಬಂದ.
ಬಾಗಲದಾಗ ನಿಂತು ಆಕಡಿ ಈಕಡಿ ನೋಡಿ
"ಮಾಮಾ, ಜೀನಾ ಪಡುವಣಕ್ಕಿದ್ದರ ಗಿರಾಕಿ ಸೀದಾ ಮ್ಯಾಲ ಹತ್ತತದ" ಅಂದ.

ನಂಬರ್ ಹದಿನಾರು. ಜೀನಾ ಪಡುವಣಕ್ಕ. ನಂಬರ್ ಒಂದು ರದ್ದು.
ಒಡಿಯೋ ಕೂಲಿ, ಕಟ್ಟೋ ಕೂಲಿ,
ಒಡದದ್ದು ಸಾಗಿಸೋ ಟ್ರ್ಯಾಕ್ಟರ್,
ಇಪ್ಪತ್ತೆರಡು ದಿನ.
ಸಹಿ.

ಸಂಜಿಮುಂದ ಮೌಲಾಲಿ ಗೌಂಡಿ
ಒಡದ ಪಾವಟಿಗಿ ಗುಡ್ಡೀ ಮುಂದ ಕುಂತಿದ್ದ.
"ಬಾಯಿ, ಒಂದು ಕೇಳ್ಲಾ?
ಹದಿನೆಂಟು ಪಾವಟಿಗಿ ಕಟ್ಟಿದೆ, ಕೂಲಿ ಬಂತು.
ಹದಿನೆಂಟೂ ಒಡದೆ, ಅದಕ್ಕೂ ಬಂತು.
ನೀವು ಒಂದು ಪೈಸಾ ಬಿಟ್ಟಿಲ್ಲ.
ಆದ್ರ ಇದನ್ನ ಒಂದು ಗಿರಾಕಿಯೂ ಹತ್ತಲಿಲ್ಲಲ್ಲ,
ಅದು ಯಾವ ಖಾನೇದಾಗ ಬರೀತೀರಿ?"

ನನ್ನ ಪುಸ್ತಕದಾಗ ಐದೇ ಖಾನೆ.
ಪೆನ್ನಿನ ಟೋಪಿ ತೆಗೆದೆ, ಮತ್ತ ಹಾಕಿದೆ.

ಇಪ್ಪತ್ತೆರಡು ದಿನ ಮೂವತ್ತಾದ ಮ್ಯಾಲ ಹೋಗಿ ನೋಡಿದರ
ಹೊಸ ಜೀನಾದ ಕೆಳಗ, ನಕಾಶಿಯೊಳಗಿಲ್ಲದ್ದು, ಒಂದು ಕಟ್ಟಿ.
ಹಳೇ ಪಾವಟಿಗಿಯಿಂದ ಸಾಬೂತ ಉಳದ ಶಹಾಬಾದ್ ಫರಸಿ.
ಮೂಲಿ ಉಜ್ಜಿ ಉಜ್ಜಿ ನುಣ್ಣಗ ಮಾಡ್ಯಾನ,
ಮೇ ತಿಂಗಳದಾಗೂ ಕುಂತರ ತೊಡಿಗಿ ತಂಪು.
ಯಾರೂ ಹೇಳಿಲ್ಲ, ಯಾರೂ ಸಹಿ ಮಾಡಿಲ್ಲ.
ಟೇಪು ಹಿಡದೆ: ನಾಕು ಫೂಟು ಎರಡು ಇಂಚು.

ನಂಬರ್ ಹದಿನೇಳು ಬರದು ಒಯ್ದೆ.
ಸಾವಕಾರರು ಹಾಳಿ ದೂರ ಹಿಡದು ಓದಿದರು:
"ರೊಕ್ಕ, ಇಲ್ಲ. ದಿನ, ಇಲ್ಲ. ಯಾಕ ಬದಲಿ..."
ಅಲ್ಲಿ ನಾ ಏನೂ ಬರದಿರಲಿಲ್ಲ.
"ರೊಕ್ಕಿಲ್ಲ ಅಂದಮ್ಯಾಲ ಚೀಟಿ ಯಾಕ್ರಿ?"
"ಮುಂದ ನೀವೇ ಕೇಳ್ತೀರಿ, ಇದನ್ನ ಯಾರು ಇಟ್ಟರು ಅಂತ."

ಅವರು ಎದ್ದು ಹೋಗಿ ಕಟ್ಟಿ ಮ್ಯಾಲ ಕುಂತರು,
ತೊಡಿ ಮ್ಯಾಲ ಪುಸ್ತಕ ಇಟಗೊಂಡು ಜೋರ್ ಒತ್ತಿ ಸಹಿ ಹಾಕಿದರು,
ಹಳದಿ ಹಾಳಿತನಕ ಮೂಡೂ ಹಂಗ.
ಏಳಲಿಲ್ಲ. ಒಂದು ಗಳಿಗಿ ಬಿಟ್ಟು ಕೂಗಿದರು:
"ಮೌಲಾಲಿ, ಇದು ಇನ್ನೊಂದು ಗೇಣು ಆಚಿಕಡಿ ಇದ್ದಿದ್ದರ?"

ನಾನು ಹದಿನೆಂಟನೇ ಹಾಳಿ ಕೆಳಗ
ಕಾರ್ಬನ್ ತುರುಕಿದೆ.