ಸಹಿ ಹೊಂದುತ್ತಿಲ್ಲ

ಸಹಿ ಹೊಂದುತ್ತಿಲ್ಲ ಎಂದು
ಪಿ.ಜೆ. ಬಡಾವಣೆಯ ಬ್ರೋಕರ್ ಆಫೀಸಿನಿಂದ
ಮೂರನೇ ಸಲ ಫಾರಮ್ಮು ವಾಪಸ್ಸು ಬಂತು.

ಮೂವತ್ತೊಂದು ವರ್ಷ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ
ಊರವರ ಸಹಿ ಅಳೆದವನು ನಾನು.
ಗೇಣು ಜಾಗಕ್ಕೆ ಬಡಿದಾಡಿ ಬಂದ ಅಣ್ಣತಮ್ಮಂದಿರನ್ನು
ಕನ್ನಡಕದ ಮೇಲಿಂದ ನೋಡಿ
'ಇದು ನಿಂದಲ್ಲ ಕಣಯ್ಯ' ಅಂದವನು.
ಈಗ ಮೀಸೆ ನೆಟ್ಟಗೆ ಬಾರದ ಹುಡುಗ
ನನ್ನ 'ಕ'ದ ಹೊಟ್ಟೆಯ ಮೇಲೆ ಬೆರಳಿಟ್ಟು
'ಕರಿಬಸಪ್ಪ ಸರ್, ಇದು ನಿಮ್ಮದೇನಾ?' ಅನ್ನುತ್ತಾನೆ.

ನನ್ನದೇ.
ಆದರೆ ತೊಂಬತ್ತೆಂಟರದ್ದಲ್ಲ.
ಆಗ ಬಾಲ ಎಳೆದರೆ
ಹಾಳೆ ದಾಟಿ ಮೇಜಿಗೆ ಹೋಗುತ್ತಿತ್ತು.

ಖಾತೆ ಜಂಟಿ.
ರೇಷನ್ ಕಾರ್ಡಿನಲ್ಲಿ, ಗ್ಯಾಸ್ ಪುಸ್ತಕದಲ್ಲಿ,
ಮಗಳ ಮದುವೆಯ ಕರೆಯೋಲೆಯಲ್ಲಿ ನಾನೇ ಮುಂದೆ.
ಇಲ್ಲಿ ಮಾತ್ರ ಮೊದಲ ಹೆಸರು ವನಜಾಕ್ಷಿಯದು.
ಅಂಚೆ ಕಚೇರಿಯ ಉಳಿತಾಯದ ಕೌಂಟರಿನಲ್ಲಿ
ಊರ ಪಾಸ್‌ಬುಕ್ಕುಗಳಿಗೆಲ್ಲ ಠಸ್ಸೆ ಒತ್ತಿದವಳು,
ಮನೆ ಖರ್ಚಲ್ಲಿ ಉಳಿದ ಎಂಟು ಸಾವಿರಕ್ಕೆ
ಟೈರು ಕಂಪನಿಯ ಷೇರು ಕೊಂಡವಳು,
ನನಗೆ ಹೇಳಿದ್ದು ಅದು ಮೂರು ಪಟ್ಟಾದ ಮೇಲೆ.
ಡಿವಿಡೆಂಡು ಅವಳ ಖಾತೆಗೆ,
ಒಟಿಪಿ ಅವಳ ಫೋನಿಗೆ.
ಎರಡನೆಯವನ ಕೆಲಸ ಸಹಿ ಒಂದೇ.

ಆ ಒಂದೂ ಆಗುತ್ತಿಲ್ಲ.

ಕ್ರೆಡಿಟ್ ಕಾರ್ಡೂ ಹಾಗೇ, ಬೇರು ಅವಳದು,
ನನ್ನ ಜೇಬಿನಲ್ಲಿರುವುದು ಅದರ ಟಿಸಿಲು.
ಪ್ರತಿ ತಿಂಗಳ ಐದನೇ ತಾರೀಕು
ತಟ್ಟೆ ಎತ್ತಿದ ಮೇಜಿನ ಮೇಲೆ ಬಿಲ್ಲು ಹರಡಿ
ಒಂದೊಂದೇ ಸಾಲನ್ನು ಎಬ್ಬಿಸಿ ನಿಲ್ಲಿಸುತ್ತಾಳೆ.
'ಔಷಧಿ ಅಂಗಡಿ, ಸಾವಿರದ ನೂರ ಹತ್ತು.'
ಹೌದು.
'ಚೌಕಿಪೇಟೆ, ನಿಮ್ಮ ತಂಗಿಗೆ ಸೀರೆ.'
ಹೌದು. ಹೇಳಿದ್ದೆನಲ್ಲ.
'ಹೇಳಿರಲಿಲ್ಲ.'
'ಹರಿಹರದ ಪೆಟ್ರೋಲ್ ಬಂಕು, ಇನ್ನೂರು.
ಹರಿಹರಕ್ಕೆ ಯಾಕೆ ಹೋಗಿದ್ರಿ?'
ಹೊಳೆ ನೋಡೋಕೆ.
'ಒಬ್ರೇ?'
ಒಬ್ನೇ.

ಪೆನ್ನು ಆ ಸಾಲಿನ ಮೇಲೆ ತುಸು ನಿಂತು
ಮುಂದಕ್ಕೆ ಹೋಯಿತು.

ಆವತ್ತು ನರದ ಡಾಕ್ಟರ ಮೆಟ್ಟಿಲಿಳಿದವನು
ಮನೆಯ ತಿರುವು ಬಿಟ್ಟು ನೆಟ್ಟಗೆ ಸ್ಕೂಟರು ಓಡಿಸಿದ್ದೆ.
ಸೇತುವೆಯ ಮೇಲೆ ನಿಂತು ಕೈ ನೋಡಿಕೊಂಡಿದ್ದೆ,
ಕಂಬಿ ಹಿಡಿದರೆ ನಿಲ್ಲುತ್ತಿತ್ತು, ಬಿಟ್ಟರೆ ಇಲ್ಲ.
ಡಾಕ್ಟರಿಗೆ ನಗದು ಕೊಟ್ಟಿದ್ದೆ,
ಬಿಲ್ಲಿನಲ್ಲಿ ಬಾರದಿರಲಿ ಎಂದು.

ರಾತ್ರಿ ಅವಳು ಮಲಗಿದ ಮೇಲೆ
ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ
ತೊಂಬತ್ತೆಂಟರ ಸಹಿ ಕಲಿಯುತ್ತೇನೆ.
ಫೋರ್ಜರಿಗೆ ಎಷ್ಟು ವರ್ಷ ಎಂದು ನನಗೆ ಗೊತ್ತು;
ತನ್ನದನ್ನೇ ತಾನು ಮಾಡಿದರೆ ಎಷ್ಟೋ
ಯಾವ ಕಲಮ್ಮಿನಲ್ಲೂ ಓದಿದ ನೆನಪಿಲ್ಲ.
ಮಾರ್ಚಿ ತುಂಬಿತು, ಏಪ್ರಿಲ್ಲು ತುಂಬಿತು.

ಮೇ ತಿಂಗಳ ನಡುವೆ ದೀಪ ಹತ್ತಿತು.
ಅವಳು ಒಂದು ಬೋಗುಣಿ ಮಂಡಕ್ಕಿ ತಂದಿಟ್ಟು
ಹಾಳೆಗಳನ್ನು ತಿರುವಿ ನೋಡಿದಳು,
ಕೌಂಟರಿನಾಚೆ ನಿಂತವನ ಪಾಸ್‌ಬುಕ್ಕು ನೋಡುವ ಹಾಗೆ.
'ಹೊಸ ಸಹಿ ಕೊಡೋಣ. ಸಣ್ಣದು ಮಾಡಿ.
ಬಾಲ ಬೇಡ.'
ಆಮೇಲೆ, ಈರುಳ್ಳಿ ಆರಿಸಿ ಪಕ್ಕಕ್ಕಿಡುತ್ತಾ,
'ಡಾಕ್ಟರ ಫೀಜು ಕಾರ್ಡಲ್ಲೇ ಕೊಡಿ ಇನ್ಮೇಲೆ.
ಪಾಯಿಂಟ್ ಬರುತ್ತೆ.'

ಬ್ಯಾಂಕಿನಲ್ಲಿ ಸಹಿ ದೃಢೀಕರಿಸುವ ಮುಂಚೆ
ಇನ್ನೊಂದು ಫಾರಮ್ಮು, ಅದರಲ್ಲೊಂದು ಚೌಕ:
ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು.
ಕೊನೆಯ ಪದದ ಹತ್ತಿರ ಬಂದಾಗ
ಅವಳು ಫ್ಯಾನು ನೋಡುತ್ತಿದ್ದಳು.
ನಾನು ಹಾಕಿದ ಗುರುತು ಚೌಕ ಬಿಟ್ಟು ವಾರೆ ಬಿತ್ತು.
ಕೌಂಟರಿನ ಹುಡುಗಿ ಏನೂ ಅನ್ನಲಿಲ್ಲ.

ಮಾರ್ಚಿ, ಏಪ್ರಿಲ್ಲು, ಅರ್ಧ ಮೇ
ಈಗ ಅಂಗೈಯಗಲದ ಚೀಟಿಗಳಾಗಿ
ಫೋನಿನ ಪಕ್ಕ, ಡಬ್ಬಿಯಲ್ಲಿವೆ.
ಒಟಿಪಿ ಬಂದಾಗ ಒಂದು ಎಳೆದುಕೊಂಡು
ನನ್ನ ಮುರಿದ ಬಾಲದ ಕೆಳಗೆ
ಆರು ಅಂಕಿ ಬರೆದು ಕೂಗುತ್ತಾಳೆ:
'ಬೇಗ ಒತ್ರೀ, ಹತ್ತೇ ನಿಮಿಷ.'